ಪ್ಯಾರಿಸ್‌ನಿಂದ ಬುಡಾಪೆಸ್ಟ್‌ಗೆ ರೈಲಿನಲ್ಲಿ: ಐದು ದೇಶಗಳ ಪಯಣಕ್ಕೆ ತಯಾರಿ

ಯುರೋಪಿನ ರೈಲಿನಲ್ಲಿ ಕೂತು ಹೋಗುವುದಕ್ಕೆ ವಿಶೇಷ ಜಾಣ್ಮೆಯೇನೂ ಬೇಕಿಲ್ಲ. ಪ್ಯಾರಿಸ್‌ನಲ್ಲಿ ಹತ್ತಿದರೆ ನಾಲ್ಕು ಗಂಟೆಯಲ್ಲಿ ಜೂರಿಕ್ ಬರುತ್ತದೆ. ವಿಯೆನ್ನಾದಿಂದ ಬುಡಾಪೆಸ್ಟ್‌ಗೆ ಎರಡೂ ಮುಕ್ಕಾಲು ಗಂಟೆ ಸಾಕು. ಪ್ರವಾಸ ಕೆಡುವುದು ಕೊಂಡಿಗಳಲ್ಲಿ. ಒಂದು ರೈಲು ಇಳಿದು ಇನ್ನೊಂದು ಹತ್ತುವ ನಿಲ್ದಾಣ, ಒಂದು ದೇಶದ ಟಿಕೆಟ್ ಪದ್ಧತಿ ಮುಗಿದು ಇನ್ನೊಂದು ದೇಶದ್ದು ಶುರುವಾಗುವ ಊರು, ವೀಸಾ ಕೈಗೆ ಬರುವ ದಿನ ಮತ್ತು ಅಗ್ಗದ ಟಿಕೆಟ್ ಮುಗಿದುಹೋಗುವ ದಿನದ ನಡುವಿನ ಅಂತರ: ಗಮನ ಇಲ್ಲಿರಬೇಕು. ನೋಡುವ ಜಾಗಗಳ ಪಟ್ಟಿ ಮಾಡಲು ಎಲ್ಲರೂ ವಾರಗಟ್ಟಲೆ ಕೂರುತ್ತಾರೆ. ಅದರ ಅರ್ಧದಷ್ಟು ಹೊತ್ತನ್ನು ಈ ಕೊಂಡಿಗಳಿಗೆ ಕೊಟ್ಟರೂ ಪ್ರವಾಸ ಸಲೀಸಾಗುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ದಾರಿಯನ್ನೇ ಹಿಡಿಯೋಣ. ಪ್ಯಾರಿಸ್, ಜೂರಿಕ್, ಕೂರ್, ಸೇಂಟ್ ಮೊರಿಟ್ಜ್, ತಿರಾನೊ, ಮಿಲಾನ್, ವೆನಿಸ್, ವಿಯೆನ್ನಾ, ಬುಡಾಪೆಸ್ಟ್. ಫ್ರಾನ್ಸ್, ಸ್ವಿಟ್ಜರ್ಲೆಂಡ್, ಇಟಲಿ, ಆಸ್ಟ್ರಿಯಾ, ಹಂಗೆರಿ, ಹೀಗೆ ಐದು ದೇಶ. ಜರ್ಮನಿಯ ಮ್ಯೂನಿಕ್ ಮೂಲಕ ಹೋದರೆ ಪ್ಯಾರಿಸ್‌ನಿಂದ ವಿಯೆನ್ನಾ ಇನ್ನೂ ಹತ್ತಿರ, ನಿಜ. ಆದರೆ ಆಲ್ಪ್ಸ್ ಪರ್ವತವನ್ನು ಎರಡು ಬಾರಿ, ಎರಡು ಬೇರೆ ಬೇರೆ ಕಡೆ ಹಗಲಲ್ಲೇ ದಾಟಿಸುವುದು ಈ ದಾರಿ. ಇನ್ನೊಂದು ಕಾರಣ ಸಮಯಪಾಲನೆ. 2024ರಲ್ಲಿ ಜರ್ಮನಿಯ ದೂರದ ರೈಲುಗಳಲ್ಲಿ ಸಮಯಕ್ಕೆ ಸರಿಯಾಗಿ ಬಂದವು ಶೇ 62.5 ಮಾತ್ರ. ಅದೂ ಆರು ನಿಮಿಷದೊಳಗಿನ ವಿಳಂಬವನ್ನು ವಿಳಂಬವೆಂದು ಎಣಿಸದೆ. ಸ್ವಿಸ್ ರೈಲುಗಳದ್ದು ಇದಕ್ಕಿಂತ ಬಿಗಿಯಾದ ಅಳತೆಗೋಲು, ಹಾಗಿದ್ದೂ ಶೇ 90ಕ್ಕಿಂತ ಹೆಚ್ಚು ರೈಲುಗಳು ಸಮಯಕ್ಕೆ ಮುಟ್ಟುತ್ತವೆ. ಕೊಂಡಿ ಬಿಗಿಯಾಗಿರುವ ಪ್ರವಾಸದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ವಿಮಾನದ ಟಿಕೆಟನ್ನು ಪ್ಯಾರಿಸ್‌ಗೆ ಹೋಗಿ ಪ್ಯಾರಿಸ್‌ನಿಂದಲೇ ಮರಳುವಂತೆ ಮಾಡಿಸಬೇಡಿ. ‘ಮಲ್ಟಿ ಸಿಟಿ’ ಆಯ್ಕೆಯಲ್ಲಿ ಇಳಿಯುವುದು ಒಂದು ಊರಿನಲ್ಲಿ, ವಾಪಸ್ ಹೊರಡುವುದು ಇನ್ನೊಂದು ಊರಿನಿಂದ ಎಂದು ಕೊಂಡರೆ ಬಂದ ದಾರಿಯಲ್ಲೇ ಹಿಂತಿರುಗುವ ಖರ್ಚು ಉಳಿಯುತ್ತದೆ.

ಮೊದಲ ಕೊಂಡಿ: ವೀಸಾ ಮತ್ತು ಟಿಕೆಟ್

ಈ ಐದೂ ದೇಶಗಳು ಷೆಂಗೆನ್ ವಲಯದಲ್ಲಿವೆ, ಒಂದೇ ವೀಸಾ ಸಾಕು. ಅರ್ಜಿ ಯಾವ ದೇಶಕ್ಕೆ ಹಾಕಬೇಕು ಎನ್ನುವಲ್ಲೇ ಹಲವರು ಎಡವುತ್ತಾರೆ. ಮೊದಲು ಕಾಲಿಡುವ ದೇಶಕ್ಕೆ ಎಂಬುದು ಜನರಲ್ಲಿ ಬೇರೂರಿರುವ ನಂಬಿಕೆ. ನಿಯಮ ಹೇಳುವುದು, ಹೆಚ್ಚು ದಿನ ಉಳಿಯುವ ದೇಶಕ್ಕೆ. ದಿನಗಳು ಸಮಸಮವಾದರೆ ಮಾತ್ರ ಮೊದಲು ಪ್ರವೇಶಿಸುವ ದೇಶ. ಪ್ಯಾರಿಸ್‌ನಲ್ಲಿ ಮೂರು ರಾತ್ರಿ, ಕೂರ್‌ನಲ್ಲಿ ಒಂದು, ಮಿಲಾನ್‌ನಲ್ಲಿ ಒಂದು, ವೆನಿಸ್‌ನಲ್ಲಿ ಮೂರು, ವಿಯೆನ್ನಾದಲ್ಲಿ ಮೂರು, ಬುಡಾಪೆಸ್ಟ್‌ನಲ್ಲಿ ಎರಡು ರಾತ್ರಿ ಎಂದಿಟ್ಟುಕೊಂಡರೆ ಇಟಲಿಯ ಲೆಕ್ಕ ನಾಲ್ಕಾಗುತ್ತದೆ. ವಿಮಾನ ಇಳಿಯುವುದು ಪ್ಯಾರಿಸ್‌ನಲ್ಲೇ ಆದರೂ ಅರ್ಜಿ ಇಟಲಿಗೆ ಹೋಗಬೇಕು. ಹಾಗಾಗಿ ಯಾವ ಊರಿನಲ್ಲಿ ಎಷ್ಟು ರಾತ್ರಿ ಎಂಬುದನ್ನು ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಸ್ಲಾಟ್ ಹುಡುಕುವ ಮೊದಲೇ ತೀರ್ಮಾನಿಸಿ.

ಪ್ರವಾಸಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು, ಕಡೇ ಪಕ್ಷ 15 ದಿನ ಮೊದಲಾದರೂ ಹಾಕಿರಬೇಕು. 2024ರ ಜೂನ್‌ನಿಂದ ವಯಸ್ಕರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಅಗ್ಗದ ರೈಲು ಟಿಕೆಟ್‌ಗಳಿಗೆ ಸಾಮಾನ್ಯವಾಗಿ ಹಣ ವಾಪಸ್ ಇಲ್ಲ. ವೀಸಾ ಬರುವ ಮೊದಲೇ ಕೊಂಡರೆ ಹಣ ಹೋಗುವ ಭಯ, ಬಂದ ಮೇಲೆ ಕೊಳ್ಳೋಣವೆಂದರೆ ದರ ಏರಿರುತ್ತದೆ. ಇದಕ್ಕೆ ಒಂದೇ ದಾರಿ, ವೀಸಾ ಕೆಲಸವನ್ನು ಸಾಕಷ್ಟು ಮೊದಲೇ ಮುಗಿಸಿಕೊಳ್ಳುವುದು. ಜೂನ್‌ನಲ್ಲಿ ಹೊರಡುವವರು ಜನವರಿ-ಫೆಬ್ರವರಿಯಲ್ಲೇ ಅರ್ಜಿ ಮುಗಿಸಲಿ. ಅರ್ಜಿಯ ಜೊತೆ ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್ ಮತ್ತು ದಿನವಾರು ರೈಲು ಯೋಜನೆ ಇರಲಿ. ವೀಸಾ ಕೈಗೆ ಬಂದ ವಾರವೇ ಟಿಕೆಟ್ ಕೊಳ್ಳಿ.

ದಾರಿಯಲ್ಲಿ ಲಂಡನ್ ಸೇರಿಸುವ ಆಸೆ ಹಲವರಿಗಿರುತ್ತದೆ. ಪ್ಯಾರಿಸ್‌ನಿಂದ ಯೂರೋಸ್ಟಾರ್‌ನಲ್ಲಿ ಎರಡೂವರೆ ಗಂಟೆಯೊಳಗಿನ ದಾರಿ. ಆದರೆ ಬ್ರಿಟನ್‌ಗೆ ಬೇರೆಯೇ ವೀಸಾ ಬೇಕು. ಅಷ್ಟೇ ಮುಖ್ಯವಾಗಿ, ಷೆಂಗೆನ್ ವಲಯದಿಂದ ಹೊರಬಿದ್ದು ಮತ್ತೆ ಒಳಬರಲು ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶವಿರುವ ವೀಸಾ ಇರಬೇಕು. ಹೋಗಲೇಬೇಕೆಂದರೆ ಲಂಡನ್ನಿಗೇ ಮೊದಲು ಇಳಿದು, ಅಲ್ಲಿಂದ ರೈಲಿನಲ್ಲಿ ಪ್ಯಾರಿಸ್‌ಗೆ ಬರುವುದು ವಾಸಿ.

ಈ ಐದು ದೇಶಗಳ ನಡುವಿನ ಗಡಿಯಲ್ಲಿ ರೈಲಿನಿಂದ ಇಳಿಸಿ ತಪಾಸಣೆ ಮಾಡುವ ಪದ್ಧತಿ ಇಲ್ಲ. ಹಾಗೆಂದು ಪಾಸ್‌ಪೋರ್ಟನ್ನು ಸೂಟ್‌ಕೇಸಿನ ತಳದಲ್ಲಿ ಇಡಬೇಡಿ. ಹಂಗೆರಿಯಿಂದ ಬರುವವರ ಮೇಲೆ ಆಸ್ಟ್ರಿಯಾ 2015ರಿಂದಲೇ ಕಣ್ಣಿಟ್ಟಿದೆ, ಜರ್ಮನಿ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರುಮಾಡಿತು. ಓಡುವ ರೈಲಿನಲ್ಲೇ ಪೊಲೀಸರು ಬಂದು ಕೇಳುತ್ತಾರೆ.

ಯಾವ ಟಿಕೆಟ್ ಯಾವಾಗ

ನಮ್ಮಲ್ಲಿ ಪ್ರಯಾಣಕ್ಕೆ 60 ದಿನ ಮೊದಲು ಬುಕಿಂಗ್ ತೆರೆಯುತ್ತದೆ, ದೇಶಕ್ಕೆಲ್ಲ ಒಂದೇ ನಿಯಮ. ಯುರೋಪಿನಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಕೆಲವು ರೈಲುಗಳದ್ದು ಆರು ತಿಂಗಳು ಮೊದಲೇ ಸಿಗುತ್ತದೆ, ಕೆಲವದು ಮೂರು-ನಾಲ್ಕು ತಿಂಗಳು. ಪ್ರತಿವರ್ಷ ಡಿಸೆಂಬರ್ ಎರಡನೇ ವಾರಾಂತ್ಯದಲ್ಲಿ ಇಡೀ ಖಂಡದ ವೇಳಾಪಟ್ಟಿ ಬದಲಾಗುವುದರಿಂದ ಅದರ ಆಚೆಗಿನ ದಿನಾಂಕಗಳ ಟಿಕೆಟ್ ಇನ್ನಷ್ಟು ತಡವಾಗಿ ತೆರೆಯುವುದುಂಟು. ವೇಟಿಂಗ್ ಲಿಸ್ಟ್, ಆರ್‌ಎಸಿ, ಚಾರ್ಟ್ ಇವು ಯಾವುವೂ ಇಲ್ಲ.

ದಾರಿಯ ರೈಲುಗಳನ್ನು ಹೀಗೆ ವಿಂಗಡಿಸಿಕೊಳ್ಳಿ. ಪ್ಯಾರಿಸ್–ಜೂರಿಕ್ ಟಿಜಿವಿ, ಮಿಲಾನ್–ವೆನಿಸ್ ಫ್ರೆಚಾರೊಸ್ಸಾ, ರಾತ್ರಿ ಓಡುವ ನೈಟ್‌ಜೆಟ್ ಇವಕ್ಕೆ ಸೀಟು ಕಾಯ್ದಿರಿಸದೆ ಹತ್ತುವಂತಿಲ್ಲ, ದರ ವಿಮಾನದ್ದರಂತೆ ಏರುತ್ತದೆ. ಆಸ್ಟ್ರಿಯಾದ ರೈಲ್‌ಜೆಟ್ ಎರಡನೇ ಬಗೆಯದು. ವಿಯೆನ್ನಾ–ಬುಡಾಪೆಸ್ಟ್ ಮಾರ್ಗದಲ್ಲಿ ಟಿಕೆಟ್ ಇದ್ದರೆ ಸಾಕು, ಸೀಟು ಕಾಯ್ದಿರಿಸುವುದು ನಿಮ್ಮಿಷ್ಟ. ಆದರೆ ಮುಂಗಡ ರಿಯಾಯಿತಿಯಲ್ಲಿ ಕೊಂಡ ಟಿಕೆಟ್ ಆ ಒಂದು ರೈಲಿಗೆ ಮಾತ್ರ ಸಲ್ಲುತ್ತದೆ. ಸೀಟಿನ ಮೇಲಿನ ಪುಟ್ಟ ಫಲಕದಲ್ಲಿ ಎಲ್ಲಿಂದ ಎಲ್ಲಿಯವರೆಗೆ ಕಾಯ್ದಿರಿಸಿದೆ ಎಂದು ಬರೆದಿರುತ್ತದೆ, ಏನೂ ಇಲ್ಲದಿದ್ದರೆ ಕೂರಬಹುದು. ಮೂರನೆಯದು ಸ್ವಿಟ್ಜರ್ಲೆಂಡ್‌ನ ಸಾಮಾನ್ಯ ರೈಲುಗಳು ಮತ್ತು ತಿರಾನೊ–ಮಿಲಾನ್‌ನಂಥ ಪ್ರಾದೇಶಿಕ ರೈಲುಗಳು. ಅವು ಭರ್ತಿಯಾಗಿ ಟಿಕೆಟ್ ಸಿಗದೆ ಹೋಗುವ ಭಯವಿಲ್ಲ, ಅಂದೇ ನಿಲ್ದಾಣದಲ್ಲಿ ಕೊಂಡರಾಯಿತು. ಇಟಲಿಯಲ್ಲಿ ಪ್ರಾದೇಶಿಕ ರೈಲಿನ ಕಾಗದದ ಟಿಕೆಟ್ ಕೊಂಡರೆ, ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಬಳಿಯ ಯಂತ್ರದಲ್ಲಿ ಅದಕ್ಕೆ ಮುದ್ರೆ ಒತ್ತಿಸಲು ಮರೆಯಬೇಡಿ. ಮುದ್ರೆ ಇಲ್ಲದ ಟಿಕೆಟ್‌ಗೆ ದಂಡ ಬೀಳುತ್ತದೆ.

ಅಂದರೆ ಮೊದಲು ಕೊಳ್ಳಬೇಕಾದ್ದು ಪ್ಯಾರಿಸ್–ಜೂರಿಕ್ ಮತ್ತು ವೆನಿಸ್–ವಿಯೆನ್ನಾ. ಆಮೇಲೆ ಮಿಲಾನ್–ವೆನಿಸ್. ಆಯಾ ದೇಶದ ರೈಲ್ವೆಯ ಅಧಿಕೃತ ಆ್ಯಪ್‌ಗಳಲ್ಲೇ ಕೊಳ್ಳಿ: ಫ್ರಾನ್ಸ್‌ಗೆ ಎಸ್‌ಎನ್‌ಸಿಎಫ್ ಕನೆಕ್ಟ್, ಸ್ವಿಟ್ಜರ್ಲೆಂಡ್‌ಗೆ ಎಸ್‌ಬಿಬಿ, ಇಟಲಿಗೆ ಟ್ರೆನಿಟಾಲಿಯಾ, ಆಸ್ಟ್ರಿಯಾಕ್ಕೆ ಓಬಿಬಿ. ಇಡೀ ಯುರೋಪಿನ ವೇಳಾಪಟ್ಟಿ ಒಂದೇ ಕಡೆ ಹುಡುಕಲು ಜರ್ಮನಿಯ ಡಿಬಿ ನ್ಯಾವಿಗೇಟರ್ ಬಲು ಉಪಯೋಗಿ, ಟಿಕೆಟ್ ಬೇರೆಡೆ ಕೊಳ್ಳುವವರಿಗೂ. ಬುಕಿಂಗ್‌ಗೆ ಕೂರುವ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ನಿಮ್ಮ ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟು ತೆರೆದಿದೆಯೇ ನೋಡಿ. ರಿಸರ್ವ್ ಬ್ಯಾಂಕಿನ 2020ರ ನಿಯಮದಿಂದಾಗಿ ಹೊಸ ಕಾರ್ಡುಗಳಲ್ಲಿ ಅದು ಮುಚ್ಚಿಯೇ ಇರುತ್ತದೆ, ನಾವೇ ತೆರೆಯಬೇಕು.

ಇನ್ನು ಹಲವು ದೇಶಗಳ ರೈಲುಗಳಿಗೆ ಒಂದೇ ಟಿಕೆಟ್‌ನಂತೆ ಸಲ್ಲುವ ಯೂರೇಲ್ ಪಾಸ್. 1959ರಿಂದ ಇರುವ ಇದು ಈಗ 33 ದೇಶಗಳಲ್ಲಿ ನಡೆಯುತ್ತದೆ. ಯುರೋಪಿನ ಹೊರಗೆ ನೆಲೆಸಿದವರಿಗೆ ಯೂರೇಲ್, ಅಲ್ಲೇ ನೆಲೆಸಿದವರಿಗೆ ಇಂಟರ್‌ರೇಲ್. ಜರ್ಮನಿಯಲ್ಲಿ ಕೆಲಸದಲ್ಲಿರುವ ಮಗಳು ಮೈಸೂರಿನಿಂದ ಬಂದ ಅಪ್ಪ-ಅಮ್ಮನ ಜೊತೆ ಹೊರಟರೆ, ಅವರಿಗೆ ಯೂರೇಲ್, ಅವಳಿಗೆ ಇಂಟರ್‌ರೇಲ್. ಅವಳ ಪಾಸ್ ಜರ್ಮನಿಯೊಳಗೆ ಹೊರಹೋಗಲು ಒಮ್ಮೆ, ಮರಳಲು ಒಮ್ಮೆ ಮಾತ್ರ ನಡೆಯುತ್ತದೆ. 60 ದಾಟಿದವರಿಗೆ ರಿಯಾಯಿತಿ ಇದೆ. 12 ವರ್ಷದೊಳಗಿನ ಇಬ್ಬರು ಮಕ್ಕಳು ಒಬ್ಬ ವಯಸ್ಕರ ಜೊತೆ ಉಚಿತ.

ನಮ್ಮ ದಾರಿಗೆ ಒಂದು ತಿಂಗಳಲ್ಲಿ ಐದು ಪ್ರಯಾಣದ ದಿನಗಳ ಪಾಸ್ ಸರಿಹೊಂದುತ್ತದೆ. ಆದರೂ ಕಣ್ಣುಮುಚ್ಚಿ ಕೊಳ್ಳಬೇಡಿ. ಪಾಸ್ ಇದ್ದರೂ ಟಿಜಿವಿ, ಫ್ರೆಚಾರೊಸ್ಸಾ, ನೈಟ್‌ಜೆಟ್‌ಗಳಿಗೆ ಸೀಟಿನ ಶುಲ್ಕ ಬೇರೆ ಕೊಡಬೇಕು. ಟಿಜಿವಿಯಲ್ಲಿ ಪಾಸ್‌ದಾರರಿಗೆ ಮೀಸಲಾದ ಸೀಟುಗಳೇ ಕಡಿಮೆ. ಐದು ದಿನಗಳ ಟಿಕೆಟ್‌ಗಳ ದರ ಒಂದು ಕಡೆ, ಪಾಸ್ ಮತ್ತು ಸೀಟಿನ ಶುಲ್ಕ ಇನ್ನೊಂದು ಕಡೆ ಬರೆದು ಕೂಡಿಸಿ ನೋಡಿ. ದಿನಾಂಕ ಗಟ್ಟಿಯಾಗಿದ್ದು ಮೂರು ತಿಂಗಳು ಮೊದಲೇ ಕೊಳ್ಳುವವರಿಗೆ ಬಿಡಿ ಟಿಕೆಟ್ಟೇ ಅಗ್ಗವಾಗುವ ಸಂಭವ ಹೆಚ್ಚು. ಟಿಕೆಟ್ ದುಬಾರಿಯಾದ ಸ್ವಿಟ್ಜರ್ಲೆಂಡ್‌ನಲ್ಲಿ ಮನಸ್ಸು ಬಂದಲ್ಲಿ ಇಳಿದು ಹತ್ತುತ್ತ ತಿರುಗುವವರಿಗೆ ಪಾಸ್ ನಿಜಕ್ಕೂ ಬೆಲೆ ಕೊಡುತ್ತದೆ. ಪಾಸ್ ಈಗ ಮೊಬೈಲಿನಲ್ಲೇ ಇರುತ್ತದೆ, ಹತ್ತುವ ಮೊದಲು ಆ ರೈಲನ್ನು ಆ್ಯಪ್‌ನಲ್ಲಿ ಸೇರಿಸಿಕೊಂಡಿರಬೇಕು.

ದಾರಿಗುಂಟ

ಪ್ಯಾರಿಸ್‌ನಲ್ಲಿ ದೊಡ್ಡ ರೈಲು ನಿಲ್ದಾಣಗಳು ಒಂದೆರಡಲ್ಲ. ಜೂರಿಕ್ ರೈಲು ಹೊರಡುವುದು ಗಾರ್ ದ ಲಿಯೋಂನಿಂದ. ಲಂಡನ್ ಅಥವಾ ಆಮ್‌ಸ್ಟರ್‌ಡ್ಯಾಮ್‌ನಿಂದ ಬರುವವರು ಇಳಿಯುವುದು ಗಾರ್ ದು ನಾರ್‌ನಲ್ಲಿ. ಎರಡರ ನಡುವೆ ಉಪನಗರ ರೈಲಿನ ಆರ್‌ಇಆರ್ ‘ಡಿ’ ಮಾರ್ಗದಲ್ಲಿ ಎರಡೇ ಸ್ಟಾಪ್, ಆದರೂ ಸಾಮಾನು ಎಳೆದುಕೊಂಡು ಮೆಟ್ಟಿಲಿಳಿದು ಹೋಗಲು ಒಂದು ಗಂಟೆ ಇಟ್ಟುಕೊಳ್ಳಿ. ಪ್ಲಾಟ್‌ಫಾರ್ಮ್ ಸಂಖ್ಯೆ ಫಲಕದಲ್ಲಿ ಬರುವುದು ಹೊರಡಲು ಸುಮಾರು 20 ನಿಮಿಷ ಇರುವಾಗ, ಹೊರಡುವ ಎರಡು ನಿಮಿಷ ಮೊದಲೇ ಬಾಗಿಲು ಮುಚ್ಚುತ್ತದೆ. ಓಡುವ ರೈಲು ಹತ್ತುವ ಮಾತೇ ಇಲ್ಲ.

ಜೂರಿಕ್‌ನಲ್ಲಿ ನಿಲ್ಲದೆ ಒಂದೂ ಕಾಲು ಗಂಟೆ ದೂರದ ಕೂರ್‌ಗೆ ಹೋಗಿ ತಂಗಿ. ಮರುದಿನದ ಇಡೀ ಬೆಳಕು ಪರ್ವತಕ್ಕೆ ಸಿಗುತ್ತದೆ. ಇಲ್ಲಿಂದ ತಿರಾನೊವರೆಗಿನದು ರೇಷಿಯನ್ ರೈಲ್ವೆಯ ಮೀಟರ್ ಗೇಜ್ ಮಾರ್ಗ, ಇದರ ಬಹುಭಾಗ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದೆ. ದೊಡ್ಡ ಗಾಜಿನ ಕಿಟಕಿಯ ಬರ್ನಿನಾ ಎಕ್ಸ್‌ಪ್ರೆಸ್‌ಗೆ ಸೀಟಿನ ಶುಲ್ಕ ಕೊಟ್ಟು ಮೊದಲೇ ಕಾಯ್ದಿರಿಸಬೇಕು. ನನ್ನನ್ನು ಕೇಳಿದರೆ ಅದೇ ಹಳಿಯ ಮೇಲೆ ಓಡುವ ಸಾಮಾನ್ಯ ರೈಲೇ ಮೇಲು. ಕೂರ್‌ನಿಂದ ಸೇಂಟ್ ಮೊರಿಟ್ಜ್‌ಗೆ ಎರಡು ಗಂಟೆ, ಅಲ್ಲಿ ಬದಲಿಸಿ ತಿರಾನೊಗೆ ಇನ್ನೆರಡೂವರೆ ಗಂಟೆ. ಕಾಯ್ದಿರಿಸಬೇಕಿಲ್ಲ, ಇಷ್ಟವಾದ ಊರಿನಲ್ಲಿ ಇಳಿದು ಮುಂದಿನ ರೈಲು ಹಿಡಿಯಬಹುದು. ಕೆಲವು ಬೋಗಿಗಳ ಕಿಟಕಿ ಇಳಿಸಲೂ ಬರುತ್ತದೆ, ಫೋಟೊದಲ್ಲಿ ಗಾಜಿನ ಪ್ರತಿಬಿಂಬ ಬೀಳುವುದಿಲ್ಲ.

ಬಲಬದಿಯ ಸೀಟು ಹಿಡಿಯಿರಿ. ಫಿಲಿಸೂರ್ ಊರಿಗೆ ಸ್ವಲ್ಪ ಮೊದಲು ರೈಲು ಬಾಗುತ್ತ 65 ಮೀಟರ್ ಎತ್ತರದ ಲಾಂಡ್‌ವಾಸರ್ ಕಲ್ಲುಸೇತುವೆಯ ಮೇಲೆ ಬರುತ್ತದೆ. ಸೇತುವೆಯ ತುದಿಯಲ್ಲಿ ನೆಲವಿಲ್ಲ, ನೆಟ್ಟಗೆ ನಿಂತ ಬಂಡೆಯಿದೆ. ರೈಲು ಆ ಬಂಡೆಯ ಬಾಯೊಳಗೆ ಹೊಕ್ಕುಬಿಡುತ್ತದೆ. ಸೇಂಟ್ ಮೊರಿಟ್ಜ್ ದಾಟಿದ ಮೇಲೆ ಹಲ್ಲುಚಕ್ರದ ಸಹಾಯವಿಲ್ಲದೆ ಏರುತ್ತಾ 2,253 ಮೀಟರ್ ಎತ್ತರದ ಒಸ್ಪಿಜಿಯೊ ಬರ್ನಿನಾ ನಿಲ್ದಾಣ ಮುಟ್ಟುತ್ತದೆ. ಪಕ್ಕದಲ್ಲೇ ಹಾಲು ಬೆರೆಸಿದಂಥ ಬಣ್ಣದ ಲಾಗೊ ಬಿಯಾಂಕೊ ಕೆರೆ. ಅದರ ನೀರು ದಕ್ಷಿಣಕ್ಕೆ ಹರಿದು ಪೋ ನದಿಯ ಮೂಲಕ ಏಡ್ರಿಯಾಟಿಕ್ ಸಮುದ್ರ ಸೇರುತ್ತದೆ. ಕೂಗಳತೆಯ ಆಚೆಗಿನ ಪುಟ್ಟ ಲೇ ನೈರ್ ಕೆರೆಯ ನೀರು ಉತ್ತರಕ್ಕೆ ಇಳಿದು, ಇನ್ ನದಿಯಾಗಿ ಡ್ಯಾನ್ಯೂಬ್ ಸೇರುತ್ತದೆ. ವಿಯೆನ್ನಾದಲ್ಲೂ ಬುಡಾಪೆಸ್ಟ್‌ನಲ್ಲೂ ನೀವು ನೋಡುವುದು ಆ ಡ್ಯಾನ್ಯೂಬನ್ನೇ. ಇಲ್ಲಿಂದ ಇಳಿಜಾರು. ಬ್ರೂಸಿಯೊ ಬಳಿ ಕಮಾನು ಸೇತುವೆಯ ಮೇಲೆ ಪೂರ್ತಿ ಸುತ್ತು ಹಾಕಿ, ತಾನು ಬಂದ ಸೇತುವೆಯ ಕೆಳಗೇ ನುಸುಳಿ, ಕೊನೆಗೆ ತಿರಾನೊ ಊರಿನ ಚರ್ಚಿನ ಮುಂದಿನ ಚೌಕದಲ್ಲಿ ಟ್ರಾಮಿನಂತೆ ಕಾರುಗಳ ನಡುವೆ ಹಾದುಹೋಗುತ್ತದೆ. ತಿರಾನೊ ಇರುವುದು 429 ಮೀಟರ್ ಎತ್ತರದಲ್ಲಿ. ಮೇಲೆ ತೊಟ್ಟ ಸ್ವೆಟರನ್ನು ಇಲ್ಲಿ ಬಿಚ್ಚಲೇಬೇಕು.

ತಿರಾನೊದಲ್ಲಿ ಸ್ವಿಸ್ ನಿಲ್ದಾಣ ಬೇರೆ, ಇಟಲಿಯ ನಿಲ್ದಾಣ ಬೇರೆ. ಎರಡೂ ಅಕ್ಕಪಕ್ಕ. ಮಿಲಾನ್ ರೈಲು ಎರಡು ಗಂಟೆಗೊಂದು, ಕೊಮೊ ಸರೋವರದ ದಡದಲ್ಲೇ ಸಾಗುವ ಎರಡೂವರೆ ಗಂಟೆಯ ದಾರಿ. ಇಲ್ಲಿ ಊಟಕ್ಕೆಂದು ಒಂದು ಗಂಟೆ ಇಟ್ಟುಕೊಂಡರೆ ಕೊಂಡಿಯೂ ಭದ್ರ, ಹೊಟ್ಟೆಯೂ ತಂಪು.

ವೆನಿಸ್‌ಗೆ ಟಿಕೆಟ್ ಕೊಳ್ಳುವಾಗ ಮೆಸ್ತ್ರೆ ಮತ್ತು ಸಾಂತಾ ಲೂಚಿಯಾ ಎಂಬ ಎರಡು ಹೆಸರು ಕಾಣುತ್ತವೆ. ಮೆಸ್ತ್ರೆ ಇರುವುದು ಮುಖ್ಯ ಭೂಭಾಗದಲ್ಲಿ, ಕಾಲುವೆಗಳ ವೆನಿಸ್‌ಗೆ ಇಳಿಯಬೇಕಾದ್ದು ಸಾಂತಾ ಲೂಚಿಯಾದಲ್ಲಿ. ಫಲಕಗಳಲ್ಲಿ ವೆನಿಸ್ ‘ವೆನೆತ್ಸಿಯಾ’, ವಿಯೆನ್ನಾ ‘ವೀನ್’ ಎಂದೇ ಇರುತ್ತದೆ.

ವೆನಿಸ್‌ನಿಂದ ವಿಯೆನ್ನಾಕ್ಕೆ ಹಗಲು ರೈಲ್‌ಜೆಟ್ ಇದೆ, ರಾತ್ರಿ ನೈಟ್‌ಜೆಟ್ ಇದೆ. ಜರ್ಮನಿಯ ರೈಲ್ವೆ ತನ್ನ ರಾತ್ರಿ ರೈಲುಗಳನ್ನು ಕೈಬಿಟ್ಟಾಗ, 2016ರ ಡಿಸೆಂಬರ್‌ನಲ್ಲಿ ಆಸ್ಟ್ರಿಯಾದ ರೈಲ್ವೆ ನೈಟ್‌ಜೆಟ್ ಹೆಸರಿನಲ್ಲಿ ಅವುಗಳಲ್ಲಿ ಕೆಲವನ್ನು ವಹಿಸಿಕೊಂಡು ಬೆಳೆಸಿತು. ಕುಶೆಟ್ ಎಂದರೆ ನಾಲ್ಕು ಅಥವಾ ಆರು ಬರ್ತ್‌ಗಳ ಕೋಣೆ, ಸ್ಲೀಪರ್ ಎಂದರೆ ಒಬ್ಬರಿಂದ ಮೂವರಿಗೆ ಹಾಸಿಗೆಯಿರುವ ಕೋಣೆ. ನಮ್ಮ ‘ಸ್ಲೀಪರ್ ಕ್ಲಾಸ್’ ನೆನಪಿನಲ್ಲಿ ಗೊಂದಲ ಮಾಡಿಕೊಳ್ಳಬೇಡಿ, ಅಲ್ಲಿ ಸ್ಲೀಪರೇ ದುಬಾರಿ. ಕುಶೆಟ್‌ನಲ್ಲಿ ದಿಂಬು, ಹೊದಿಕೆ, ಬೆಳಗಿನ ತಿಂಡಿ ಕೊಡುತ್ತಾರೆ, ಒಳಗಿನಿಂದ ಚಿಲಕವಿದೆ, ಮಹಿಳೆಯರಿಗಷ್ಟೇ ಮೀಸಲಾದ ಕೋಣೆಯೂ ಸಿಗುತ್ತದೆ. ದಾರಿಯಲ್ಲಿ ರೈಲು ಒಡೆದು ಬೋಗಿಗಳು ಬೇರೆ ಬೇರೆ ಊರಿಗೆ ಹೋಗುವುದರಿಂದ ಟಿಕೆಟ್‌ನಲ್ಲಿರುವ ಬೋಗಿ ಸಂಖ್ಯೆಗೇ ಹತ್ತಬೇಕು. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯುತ್ತದೆ. ಆದರೂ ಈ ಮಾರ್ಗದಲ್ಲಿ ಹಗಲು ರೈಲನ್ನೇ ಆರಿಸಿ. ಏಳೆಂಟು ಗಂಟೆಯ ಈ ದಾರಿಯಲ್ಲಿ ಆಲ್ಪ್ಸ್‌ನ ಕಣಿವೆಗಳಿವೆ, ವರ್ಥರ್‌ಜೇ ಸರೋವರವಿದೆ, ಎಂಜಿನಿಯರ್ ಕಾರ್ಲ್ ಫೊನ್ ಗೇಗಾ 1848ರಿಂದ 1854ರ ನಡುವೆ ಕಟ್ಟಿಸಿದ ಸೆಮ್ಮರಿಂಗ್ ಘಟ್ಟದ ಹಳಿಯಿದೆ. ಅದನ್ನೆಲ್ಲ ಕತ್ತಲಲ್ಲಿ ಮಲಗಿ ಕಳೆಯುವುದು ನಷ್ಟ.

ರೈಲು ತಡವಾದರೆ

ಒಂದೇ ಟಿಕೆಟ್‌ನಲ್ಲಿ ಎರಡು ರೈಲು ಇದ್ದು, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಕ್ಕೆ ಮುಟ್ಟಿಸುವುದು ರೈಲ್ವೆಯ ಹೊಣೆ. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಹೊಣೆ ನಿಮ್ಮದು. ಆದ್ದರಿಂದ ಎರಡು ಟಿಕೆಟ್‌ಗಳ ನಡುವಿನ ಕೊಂಡಿಗೆ ಕನಿಷ್ಠ ಒಂದು ಗಂಟೆ ಬಿಡಿ. ಮುಂದಿನದು ದಿನದ ಕೊನೆಯ ರೈಲಾದರೆ ಎರಡು ಗಂಟೆ. ಸ್ವಿಟ್ಜರ್ಲೆಂಡ್‌ನೊಳಗೆ ಆ್ಯಪ್ ಹತ್ತು ನಿಮಿಷದ ಬದಲಾವಣೆ ತೋರಿಸಿದರೂ ನಂಬಬಹುದು, ತಪ್ಪಿದರೆ ಸ್ವಲ್ಪ ಹೊತ್ತಿನಲ್ಲೇ ಮತ್ತೊಂದು ಬರುತ್ತದೆ. 2023ರ ಜೂನ್‌ನಿಂದ ಜಾರಿಯಲ್ಲಿರುವ ಐರೋಪ್ಯ ಒಕ್ಕೂಟದ ನಿಯಮದಂತೆ 60 ನಿಮಿಷ ತಡವಾದರೆ ಟಿಕೆಟ್ ದರದ ಶೇ 25, ಎರಡು ಗಂಟೆ ದಾಟಿದರೆ ಶೇ 50 ಪರಿಹಾರ ಕೇಳಬಹುದು. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು, ಊರಿಗೆ ಮರಳಿದ ಮೇಲೂ ಆದೀತು. ಟಿಕೆಟ್ ಅಳಿಸಿಬಿಡಬೇಡಿ. ಫ್ರಾನ್ಸ್, ಇಟಲಿಗಳಲ್ಲಿ ಮುಷ್ಕರಗಳು ಆಗಾಗ ನಡೆಯುತ್ತವೆ, ದಿನಾಂಕ ಮೊದಲೇ ಗೊತ್ತಾಗುತ್ತದೆ. ಇಟಲಿಯಲ್ಲಿ ವಾರದ ದಿನಗಳಲ್ಲಿ ಮುಷ್ಕರವಿದ್ದರೂ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9ರವರೆಗೆ ಅಗತ್ಯ ಪ್ರಾದೇಶಿಕ ರೈಲುಗಳನ್ನು ಓಡಿಸಲೇಬೇಕು.

ನಿಲ್ದಾಣದಲ್ಲಿ ಕೂಲಿಗಳು ಸಿಗುತ್ತಾರೆಂದು ನೆಚ್ಚಬೇಡಿ. ಒಬ್ಬರು ಒಂದು ಕೈಯಲ್ಲಿ ಎತ್ತಿ ಬೋಗಿಯ ಮೆಟ್ಟಿಲೇರಿಸಬಲ್ಲಷ್ಟೇ ಸಾಮಾನು ಇರಲಿ. ವಯಸ್ಸಾದವರು ಜೊತೆಗಿದ್ದರೆ ನಿಲ್ದಾಣಕ್ಕೆ ನಡೆದುಹೋಗುವ ದೂರದಲ್ಲೇ ಹೋಟೆಲ್ ಹಿಡಿಯಿರಿ. ಸೀಟಿನ ಬಳಿಗೆ ಕಾಫಿ, ಇಡ್ಲಿ ಬರುವುದಿಲ್ಲ. ರೈಲ್‌ಜೆಟ್‌ನಲ್ಲಿ ಊಟದ ಬೋಗಿಯಿದೆ, ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಮನೆಯಿಂದ ಚಟ್ನಿಪುಡಿ, ಹುರಿದ ಅವಲಕ್ಕಿ, ಕೋಡುಬಳೆ ಒಯ್ಯಬಹುದು. ತುಪ್ಪ, ಪನೀರ್, ಮೊಸರಿನಂಥ ಹಾಲಿನ ಪದಾರ್ಥಗಳನ್ನು ಹೊರದೇಶದಿಂದ ಐರೋಪ್ಯ ಒಕ್ಕೂಟದೊಳಕ್ಕೆ ತರುವಂತಿಲ್ಲ. ಹಸಿ ಕರಿಬೇವು, ಮಾವಿನಹಣ್ಣಿಗೂ ಪ್ರಮಾಣಪತ್ರ ಬೇಕು, ಬಿಟ್ಟುಬಿಡಿ. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ನಿಲ್ದಾಣದೊಳಗಿನ ಸೂಪರ್‌ಮಾರ್ಕೆಟ್ ಮಾತ್ರ ತೆರೆದಿರುತ್ತದೆ. ಊರಿನ ನಲ್ಲಿ ನೀರು ಕುಡಿಯಬಹುದು, ರೈಲಿನ ಶೌಚಾಲಯದ ನಲ್ಲಿ ನೀರು ಬೇಡ. ಸ್ವಿಟ್ಜರ್ಲೆಂಡ್‌ನಲ್ಲಿ ಫ್ರಾಂಕ್, ಹಂಗೆರಿಯಲ್ಲಿ ಫೋರಿಂಟ್, ಉಳಿದೆಡೆ ಯೂರೊ. ಎಲ್ಲೆಡೆ ಕಾರ್ಡ್ ನಡೆಯುತ್ತದೆ.

ಕೊನೆಯ ಕೊಂಡಿ ರೈಲಿನಿಂದ ವಿಮಾನಕ್ಕೆ. ಬುಡಾಪೆಸ್ಟ್‌ನ ಕೆಲೆತಿ ನಿಲ್ದಾಣದಲ್ಲಿ ಇಳಿದ ದಿನವೇ ವಿಮಾನ ಇಟ್ಟುಕೊಳ್ಳಬೇಡಿ, ಒಂದು ರಾತ್ರಿಯಾದರೂ ನಡುವೆ ಇರಲಿ. ಬುಡಾಪೆಸ್ಟ್ ವಿಮಾನ ನಿಲ್ದಾಣಕ್ಕೆ ನಗರದ ನಡುವಿನ ಡೆಯಾಕ್ ಫೆರೆಂಟ್ಸ್ ಚೌಕದಿಂದ 100ಇ ಬಸ್ ಇದೆ, ಅದಕ್ಕೆ ಬೇರೆಯೇ ಟಿಕೆಟ್. ಬೆಂಗಳೂರಿಗೆ ವಾಪಸ್ ಬರುವ ವಿಮಾನ ವಿಯೆನ್ನಾದಿಂದ ಅಗ್ಗಕ್ಕೆ ಸಿಕ್ಕರೆ ಬುಡಾಪೆಸ್ಟ್ ನೋಡಿಕೊಂಡು ಹಿಂದಿನ ದಿನವೇ ರೈಲ್‌ಜೆಟ್‌ನಲ್ಲಿ ವಿಯೆನ್ನಾಕ್ಕೆ ಮರಳಿ. ಅಲ್ಲಿನ ಮುಖ್ಯ ನಿಲ್ದಾಣದಿಂದ ಕಾಲು ಗಂಟೆಯಲ್ಲಿ ರೈಲೇ ವಿಮಾನ ನಿಲ್ದಾಣದ ನೆಲಮಾಳಿಗೆಗೆ ತಂದು ಬಿಡುತ್ತದೆ.